‘ಮಹಾಜನ ವರದಿಯೇ ಅಂತಿಮ’: ಒಂದು ಘೋಷವಾಕ್ಯದ ಅರ್ಥಾಂತರ

‘ಮಹಾಜನ ವರದಿಯೇ ಅಂತಿಮ’ ಎಂಬ ಮಾತು ಅರ್ಧ ಶತಮಾನಕ್ಕೂ ಮಿಕ್ಕಿ ಕನ್ನಡದ ಗಡಿಚರ್ಚೆಯ ಪಲ್ಲವಿಯಾಗಿದೆ. ಭಾಷಣ, ಪತ್ರಿಕಾ ಹೇಳಿಕೆ, ಮನವಿಪತ್ರಗಳಲ್ಲಿ ಅದು ಎಷ್ಟು ಸಲೀಸಾಗಿ ಬರುತ್ತದೆಯೆಂದರೆ, ವರದಿಯಲ್ಲಿ ಏನಿದೆಯೆಂದು ಕೇಳಬೇಕೆಂದೇ ತೋರುವುದಿಲ್ಲ.

ನಿವೃತ್ತ ಮುಖ್ಯ ನ್ಯಾಯಮೂರ್ತಿ ಮೆಹರ್ ಚಂದ್ ಮಹಾಜನರ ಏಕಸದಸ್ಯ ಆಯೋಗವು 1966ರ ಅಕ್ಟೋಬರಿನಲ್ಲಿ ನೇಮಕಗೊಂಡು, 1967ರ ಆಗಸ್ಟಿನಲ್ಲಿ ವರದಿ ಸಲ್ಲಿಸಿತು. ಅದರಂತೆ ಬೆಳಗಾವಿ ನಗರ ಆಗಿನ ಮೈಸೂರು ರಾಜ್ಯದಲ್ಲಿಯೇ ಉಳಿಯಬೇಕು. ಅಕ್ಕಲಕೋಟೆ, ದಕ್ಷಿಣ ಸೊಲ್ಲಾಪುರ, ಜತ್ತ ತಾಲ್ಲೂಕಿನ ಭಾಗ ಸೇರಿದಂತೆ 247 ಗ್ರಾಮಗಳು ಮಹಾರಾಷ್ಟ್ರದಿಂದ ಮೈಸೂರಿಗೆ ಬರಬೇಕು. ನಿಪ್ಪಾಣಿ, ಖಾನಾಪುರ, ನಂದಗಡ ಸೇರಿದಂತೆ 264 ಊರುಗಳು ಮಹಾರಾಷ್ಟ್ರಕ್ಕೆ ಹೋಗಬೇಕು. ಚಂದ್ರಗಿರಿ, ಪಯಸ್ವಿನಿ ನದಿಗಳ ಉತ್ತರದ ಕಾಸರಗೋಡು ಮೈಸೂರನ್ನು ಸೇರಬೇಕು. ಮಹಾರಾಷ್ಟ್ರವಾಗಲಿ ಕೇರಳವಾಗಲಿ ಇದನ್ನು ಒಪ್ಪಲಿಲ್ಲ. ಸಂವಿಧಾನದ 3ನೆಯ ವಿಧಿಯಂತೆ ಗಡಿ ಬದಲಿಸುವ ಅಧಿಕಾರ ಸಂಸತ್ತಿನದು. ಸಂಸತ್ತು ಅಂಥ ಕಾನೂನನ್ನು ಮಾಡಲಿಲ್ಲ.

ಹೀಗಿರುವಾಗ ‘ಅಂತಿಮ’ವೆಂದರೇನು? ಬೆಳಗಾವಿಯಲ್ಲಿ ಈ ಮಾತು ಇದ್ದುದನ್ನು ಕಾಯುವ ಮಾತು: ನಗರ ಇಲ್ಲಿಯದೇ, ಚರ್ಚೆ ಸಾಕು. ಅಲ್ಲಿ ಅದನ್ನು ಆಡುವವರಿಗೆ ನಿಪ್ಪಾಣಿಯನ್ನು ಬಿಟ್ಟುಕೊಡುವ ಶಿಫಾರಸು ನೆನಪಾಗುವುದು ಅಪರೂಪ. ಅಕ್ಕಲಕೋಟೆಯಲ್ಲಿ, ಕಾಸರಗೋಡಿನಲ್ಲಿ ಅದೇ ಮಾತು ಇಲ್ಲದ್ದನ್ನು ಬೇಡುವ ಮಾತು. ಒಂದೆಡೆ ಯಥಾಸ್ಥಿತಿ, ಇನ್ನೊಂದೆಡೆ ಬದಲಾವಣೆ. ವಾಕ್ಯದ ಬಲವೆಲ್ಲ ಅವಧಾರಣೆಯ ‘ಏ’ಕಾರದಲ್ಲಿದೆ, ಆ ಒಂದು ಸ್ವರ ವರದಿಯ ಬೇರೆ ಬೇರೆ ಶಿಫಾರಸುಗಳನ್ನು ಒಂದೇ ಗಂಟಾಗಿ ಕಟ್ಟಿ, ಬಿಚ್ಚಿ ನೋಡದಂತೆ ಮಾಡುತ್ತದೆ. (‘ಅಂತಿಮ’ ಎಂಬ ಪದ ನಮ್ಮ ನಿತ್ಯದ ಬಳಕೆಯಲ್ಲಿ ಹೆಚ್ಚಾಗಿ ‘ದರ್ಶನ’, ‘ಯಾತ್ರೆ’ಗಳ ಜೊತೆಗೆ ಬರುವುದೂ ಗಮನಾರ್ಹ.)

ಕಾಸರಗೋಡಿನ ತೊಡಕು ಇನ್ನೂ ಆಳವಾದುದು. 1956ರ ನವೆಂಬರ್ 1ರಂದು ಕೇರಳಕ್ಕೆ ಸೇರಿದ ಆ ನೆಲದ ಕನ್ನಡಿಗರು ಇಂದು ಮುಖ್ಯವಾಗಿ ಕೇಳುತ್ತಿರುವುದು ಕನ್ನಡ ಬಲ್ಲ ಅಧ್ಯಾಪಕರನ್ನು, ಕಚೇರಿಯಲ್ಲಿ ಕನ್ನಡದ ಅರ್ಜಿ ನಮೂನೆಗಳನ್ನು. ಮಾತೃಭಾಷೆಯ ಪ್ರಾಥಮಿಕ ಶಿಕ್ಷಣಕ್ಕೆ ಸಂಬಂಧಿಸಿದ 350ಎ ವಿಧಿಯೇ ಇಲ್ಲಿ ಆಧಾರ. ಭಾಷಾ ಅಲ್ಪಸಂಖ್ಯಾತರ ಈ ಹಕ್ಕು ಅವರು ಕೇರಳದಲ್ಲಿಯೇ ಇರುವರೆಂಬುದನ್ನು ಒಪ್ಪಿಕೊಂಡು ಹೊರಡುತ್ತದೆ, ಘೋಷವಾಕ್ಯವಾದರೋ ಇರಬಾರದೆನ್ನುತ್ತದೆ. ಎರಡೂ ಒಂದೇ ಭಾಷಣದಲ್ಲಿ ಬರುವುದುಂಟು. ಮೊದಲನೆಯದಕ್ಕೆ ಅಧಿಕಾರಿಯೊಬ್ಬ ಉತ್ತರಿಸಬೇಕಾಗುತ್ತದೆ, ಎರಡನೆಯದಕ್ಕೆ ಚಪ್ಪಾಳೆ ಬೀಳುತ್ತದೆ.