ಮೈಸೂರು ಬ್ಯಾಂಕು ಹೋಯಿತು, ಸರ್ಕಲ್ ಉಳಿಯಿತು

ಬೆಂಗಳೂರಿನ ಕೆಂಪೇಗೌಡ ರಸ್ತೆಯಲ್ಲಿ ಬಸ್ಸಿನಲ್ಲಿ ಓಡಾಡುವವರಿಗೆ "ಮೈಸೂರ್ ಬ್ಯಾಂಕ್, ಯಾರ್ರೀ ಮೈಸೂರ್ ಬ್ಯಾಂಕ್..." ಅನ್ನೋ ಕಂಡಕ್ಟರ್ ಕೂಗು ಚೆನ್ನಾಗಿ ಗೊತ್ತು. ತಮಾಷೆ ಅಂದ್ರೆ ಆ ಹೆಸರಿನ ಬ್ಯಾಂಕೇ ಈಗ ಇಲ್ಲ! 2017ರ ಏಪ್ರಿಲ್ 1ರಂದು ಸ್ಟೇಟ್ ಬ್ಯಾಂಕ್ ಆಫ್ ಮೈಸೂರು ಭಾರತೀಯ ಸ್ಟೇಟ್ ಬ್ಯಾಂಕಿನಲ್ಲಿ ವಿಲೀನವಾಯಿತು. ಆಬ್ಜೆಕ್ಟ್ ಡಿಲೀಟ್ ಆದಮೇಲೂ ಪಾಯಿಂಟರ್ ಉಳಿದುಕೊಂಡಿರುತ್ತಲ್ಲ, ಹಾಗೆ. ಪುಣ್ಯಕ್ಕೆ ಕಟ್ಟಡ ಇದೆ, ಅವೆನ್ಯೂ ರಸ್ತೆಯ ಬಾಯಿಯಲ್ಲೇ.

ಈ ಜಾಗವನ್ನು ಸ್ವಲ್ಪ ಗಮನಿಸಿ. ಕೆಂಪೇಗೌಡರು ಕಟ್ಟಿದ ಪೇಟೆಯ ಉತ್ತರದ ಬಾಗಿಲು, ಯಲಹಂಕ ಗೇಟ್, ಇಲ್ಲೇ ಇತ್ತು. ಕೋಟೆ ಬಾಗಿಲು ಎಂದೋ ಹೋಯಿತು, ಯಲಹಂಕ ಗೇಟ್ ಆಂಜನೇಯ ಮಾತ್ರ ಅಲ್ಲೇ ಇದ್ದಾನೆ. (ಈ ಊರಲ್ಲಿ ಹೆಸರುಗಳಿಗೆ ಆಯಸ್ಸು ಜಾಸ್ತಿ ಅಂತ ಕಾಣುತ್ತೆ.) ಬಾಗಿಲ ಒಳಗೆ ದೊಡ್ಡಪೇಟೆ, ಚಿಕ್ಕಪೇಟೆಯ ವ್ಯಾಪಾರಿಗಳು, ಹೊರಗೆ ಸರ್ಕಾರದ ಕಚೇರಿಗಳು. ಇಬ್ಬರಿಗೂ ಬೇಕಾದ ಬ್ಯಾಂಕಿಗೆ ಇದಕ್ಕಿಂತ ಒಳ್ಳೆ ಜಾಗ ಸಿಗುತ್ತಿರಲಿಲ್ಲ.

ಬ್ಯಾಂಕ್ ಶುರುವಾಗಿದ್ದು 1913ರಲ್ಲಿ, ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ, ವಿಶ್ವೇಶ್ವರಯ್ಯನವರ ನೇತೃತ್ವದ ಸಮಿತಿಯ ಸಲಹೆಯಂತೆ. ಆಗಿನ ಹೆಸರು ಬ್ಯಾಂಕ್ ಆಫ್ ಮೈಸೂರು. ಮೈಸೂರು ವಿಶ್ವವಿದ್ಯಾಲಯಕ್ಕಿಂತ (1916) ಮೂರು ವರ್ಷ ಹಿರಿಯದು. ವಿಶ್ವೇಶ್ವರಯ್ಯ ಅಂದ ತಕ್ಷಣ ನಾವು ಕನ್ನಂಬಾಡಿ ಅಂತೀವಿ, ಇಂಜಿನಿಯರಿಂಗ್ ಓದಿದವರಂತೂ ಅಣೆಕಟ್ಟು ಬಿಟ್ಟು ಬೇರೆ ಮಾತಾಡಲ್ಲ. ಆದರೆ ಕಾರ್ಖಾನೆ, ವ್ಯಾಪಾರ ಬೆಳೆಯಬೇಕಾದರೆ ಮೊದಲು ಸಾಲ ಕೊಡೋ ಸಂಸ್ಥೆ ಬೇಕು ಅನ್ನೋದು ಅವರಿಗೆ ಗೊತ್ತಿತ್ತು.

ಹುಟ್ಟಿದ ಕಾಲ ಮಾತ್ರ ಒಳ್ಳೆಯದಾಗಿರಲಿಲ್ಲ. 1906ರಲ್ಲಿ ಮದರಾಸಿನ ಅರ್ಬತ್‌ನಾಟ್ ಕಂಪನಿ ಮುಳುಗಿ ದಕ್ಷಿಣದ ಎಷ್ಟೋ ಜನ ಹಣ ಕಳೆದುಕೊಂಡಿದ್ದರು. 1913ರಲ್ಲೇ ಲಾಹೋರಿನ ಪೀಪಲ್ಸ್ ಬ್ಯಾಂಕ್ ಬಾಗಿಲು ಹಾಕಿತು, ಅದರ ಹಿಂದೆ ಇನ್ನೂ ಹಲವು. ರಿಸರ್ವ್ ಬ್ಯಾಂಕ್ ಬಂದಿದ್ದು 1935ರಲ್ಲಿ, ಠೇವಣಿ ವಿಮೆ 1962ರಲ್ಲಿ. ಅಂದರೆ ದುಡ್ಡು ಇಟ್ಟವನಿಗೆ ಧೈರ್ಯ ಕೊಡಲು ಆಗ ಇದ್ದದ್ದು ಮಹಾರಾಜರ ಹೆಸರು, ಆಮೇಲೆ ಕಣ್ಣಿಗೆ ಕಾಣೋ ಕಟ್ಟಡ. ಹಳೇ ಬ್ಯಾಂಕುಗಳ ದಪ್ಪ ಗೋಡೆ, ಎತ್ತರದ ಕಂಬಗಳು ಬರೀ ಶೋಕಿಗಲ್ಲ ಅಂತ ನನಗನ್ನಿಸೋದು ಅದಕ್ಕೇ. "ನಾವು ರಾತ್ರೋರಾತ್ರಿ ಗಂಟುಮೂಟೆ ಕಟ್ಟಲ್ಲ" ಅಂತ ಅವು ಹೇಳುತ್ತಿದ್ದವು. ಓದು ಬಾರದವರಿಗೂ ಅರ್ಥವಾಗೋ ಭಾಷೆ ಅದು.

ಆಮೇಲೆ ಈ ಸರ್ಕಲ್ಲಿಗೆ ಬೇರೆಯದೇ ಕಥೆ ಸೇರಿಕೊಂಡಿತು. 1942ರ ಕ್ವಿಟ್ ಇಂಡಿಯಾ ಚಳವಳಿಯಲ್ಲಿ ಇಲ್ಲಿ ಪೊಲೀಸರ ಗುಂಡಿಗೆ ಜನ ಸತ್ತರು. ನಂತರವೂ ಎಷ್ಟೋ ಪ್ರತಿಭಟನೆಗಳಿಗೆ "ಮೈಸೂರು ಬ್ಯಾಂಕ್ ಸರ್ಕಲ್‌ನಲ್ಲಿ ಸೇರೋಣ" ಅನ್ನೋದೇ ವಿಳಾಸವಾಯಿತು. ಬ್ಯಾಂಕು 1960ರಲ್ಲಿ ಸ್ಟೇಟ್ ಬ್ಯಾಂಕಿನ ಅಂಗಸಂಸ್ಥೆಯಾಗಿ ಹೆಸರು ಬದಲಿಸಿಕೊಂಡರೂ ಜನರ ಬಾಯಲ್ಲಿ ಮೈಸೂರು ಬ್ಯಾಂಕೇ.

ವಿಲೀನದ ಲಾಭ ನಷ್ಟ ಬ್ಯಾಂಕಿನವರು ಲೆಕ್ಕ ಹಾಕಿಕೊಳ್ಳಲಿ. ನನ್ನ ತಕರಾರು ಇಷ್ಟೇ: ಈ ಕಟ್ಟಡವನ್ನು ಬರೀ ಚದರಡಿ ಲೆಕ್ಕದ ಆಸ್ತಿ ಅಂತ ನೋಡಬಾರದು. ಹಳೇ ಲೆಡ್ಜರುಗಳು, ಪಾಸ್‌ಬುಕ್ಕುಗಳು, ಚೆಕ್ಕುಗಳನ್ನಿಟ್ಟು ಒಂದು ಕೋಣೆಯನ್ನಾದರೂ ಜನರಿಗೆ ತೆರೆದರೆ ಚೆನ್ನ. ಬಾಗಿಲಲ್ಲಿ 1913ರ ಕಥೆ ಹೇಳುವ ಒಂದು ಫಲಕ ಇರಲಿ, ಕನ್ನಡದಲ್ಲಿ.