ಹಳೆಯ ಗಾಡಿ, ಹೊಸ ದಾರಿ: ಓವರ್‌ಡ್ರೈವ್‌ನ ಕಥೆ

ಕೆಲವು ಶಬ್ದಗಳು ತಾವು ಹೇಳಬೇಕಾದುದಕ್ಕೆ ಬೆನ್ನು ತಿರುಗಿಸಿ ನಿಂತಿರುತ್ತವೆ. ಮೋಟಾರು ವಾಹನಗಳ ಜಗತ್ತಿನಲ್ಲಿ 'ಓವರ್‌ಡ್ರೈವ್' ಎಂಬುದು ಅಂಥದೊಂದು ಮಾತು. ಪದವನ್ನಷ್ಟೇ ಹಿಡಿದು ಕನ್ನಡಿಸಹೊರಟವರು ಅದನ್ನು 'ಅತಿಚಾಲನೆ' ಎಂದಾರು. ಎಂಜಿನನ್ನು ಅದರ ಕಸುವಿಗೆ ಮೀರಿ ದುಡಿಸುವ ಯಾವುದೋ ನಿರ್ದಯ ಸಾಧನವಿರಬೇಕೆಂದು ಭಾವಿಸಿಯಾರು. ವಸ್ತುಸ್ಥಿತಿ ಇದಕ್ಕೆ ತೀರ ವಿರುದ್ಧವಾಗಿದೆ. ಕಾರು ಅದೇ ವೇಗದಲ್ಲಿ ಓಡುತ್ತಿರುವಾಗ ಎಂಜಿನು ಮೊದಲಿಗಿಂತ ನಿಧಾನವಾಗಿ ತಿರುಗುವಂತೆ ಮಾಡುವುದೇ ಓವರ್‌ಡ್ರೈವ್‌ನ ಕೆಲಸ. ಅದು ಎಂಜಿನ್ನಿಗೆ ದೊರೆಯುವ ವಿಶ್ರಾಂತಿಯೇ ಹೊರತು ಶಿಕ್ಷೆಯಲ್ಲ.

ಮೂವತ್ತು ವರ್ಷ ಕನ್ನಡ ಪಾಠ ಹೇಳಿ ನಿವೃತ್ತನಾದವನಿಗೆ ಈ ಯಂತ್ರದ ಗೊಡವೆ ಏಕೆ ಬಂತೆಂದು ತಾವು ಕೇಳಬಹುದು. ಕಾರಣರಾದವರು ನನ್ನ ಬಾಲ್ಯಮಿತ್ರರೊಬ್ಬರು. ಅವರ ತಂದೆ ವೈದ್ಯರಾಗಿದ್ದರು; ಹಳ್ಳಿಹಳ್ಳಿಗೆ ಹೋಗಿ ರೋಗಿಗಳನ್ನು ನೋಡಿಬರಲು ಅವರು ಇಟ್ಟುಕೊಂಡಿದ್ದ ಸ್ಟ್ಯಾಂಡರ್ಡ್ ವ್ಯಾನ್‌ಗಾರ್ಡ್ ಕಾರು ಈಗಲೂ ಮಗನ ಮನೆಯ ಕೊಟ್ಟಿಗೆಯಲ್ಲಿದೆ. ಇಂಗ್ಲೆಂಡಿನಲ್ಲಿ ಹುಟ್ಟಿದ ಈ ಕಾರನ್ನು ನಮ್ಮ ದೇಶದಲ್ಲಿ ಮದರಾಸಿನ ಸ್ಟ್ಯಾಂಡರ್ಡ್ ಮೋಟಾರ್ ಪ್ರಾಡಕ್ಟ್ಸ್ ಸಂಸ್ಥೆ ಜೋಡಿಸಿ ಮಾರುತ್ತಿದ್ದ ಕಾಲವೊಂದಿತ್ತು. ಆಮೆಯ ಚಿಪ್ಪಿನಂತೆ ದುಂಡಗಿನ ಬೆನ್ನು, ಚುಕ್ಕಾಣಿಯ ಕಂಬಕ್ಕೇ ಅಂಟಿಕೊಂಡ ಗೇರಿನ ಹಿಡಿ, ಮುಂದಕ್ಕೆ ಚಲಿಸಲು ಮೂರೇ ಗೇರುಗಳು. 1919ರಿಂದ 1930ರವರೆಗೆ ತಯಾರಾದ ಗಾಡಿಗಳಿಗೆ ಮಾತ್ರ 'ವಿಂಟೇಜ್' ಎಂಬ ಹೆಸರು ಸಲ್ಲುವುದೆಂದು ಇಂಗ್ಲೆಂಡಿನ ಬಲ್ಲವರು ಹೇಳುತ್ತಾರೆ. ನಮ್ಮಲ್ಲಿ ಅಜ್ಜನ ಕಾಲದ ಗಾಡಿಗಳೆಲ್ಲವೂ ವಿಂಟೇಜೇ. ಲೋಕರೂಢಿಯನ್ನೇ ಇಲ್ಲಿ ಅನುಸರಿಸಿದ್ದೇನೆ.

2023ರಲ್ಲಿ ಬೆಂಗಳೂರು-ಮೈಸೂರು ಹೆದ್ದಾರಿ ಹೊಸ ರೂಪದಲ್ಲಿ ತೆರೆದುಕೊಂಡಾಗ ಮಿತ್ರರಿಗೆ ತಂದೆಯ ಕಾರಿನಲ್ಲಿ ಮೈಸೂರಿಗೆ ಹೋಗಿಬರುವ ಆಸೆ ಮೂಡಿತು. ಹೋದರು, ಅರ್ಧ ದಾರಿಯಲ್ಲೇ ಬೇಸತ್ತರು. ಸುತ್ತಲಿನ ವಾಹನಗಳ ವೇಗಕ್ಕೆ ಸರಿಸಾಟಿಯಾಗಿ ಓಡಿಸಹೊರಟರೆ ಎಂಜಿನು ಗೋಳಿಡುತ್ತಿತ್ತು. ಎಂಜಿನ್ನಿನ ಮೇಲೆ ಕನಿಕರಪಟ್ಟು ನಿಧಾನಿಸಿದರೆ ಹಿಂದಿನವರ ಹಾರನ್ನುಗಳು ಗೋಳಿಡುತ್ತಿದ್ದವು. ಹೀಗೆ ಎರಡು ಗೋಳುಗಳ ನಡುವೆ ಸಿಕ್ಕಿದವರಿಗೆ ಯಾರೋ ಓವರ್‌ಡ್ರೈವ್‌ನ ಮಾತು ಹೇಳಿದರು. ಅದನ್ನು ಜೋಡಿಸುವುದು ಸರಿಯೇ, ತಂದೆಯ ಕಾರಿನ ಸಾಚಾತನಕ್ಕೆ ಅದು ಭಂಗವಲ್ಲವೇ ಎಂಬುದು ಅವರ ಪ್ರಶ್ನೆ. ಉತ್ತರ ಹುಡುಕಹೊರಟ ನಮಗೆ ಮೊದಲು ದೊರೆತದ್ದು ಇತಿಹಾಸ.

ಹಳೆಯ ಕಾರುಗಳ ಎಂಜಿನು ಹೀಗೇಕೆ ಗೋಳಿಡುತ್ತದೆ? ಅವುಗಳ ಕಾಲದ ದಾರಿಯೇ ಬೇರೆಯಾಗಿತ್ತು. ಏರು, ತಿರುವು, ಗುಂಡಿಗಳ ದಾರಿಯಲ್ಲಿ ಗೇರನ್ನು ಪದೇಪದೇ ಬದಲಿಸದೆ ಸಾಗಬೇಕೆಂಬುದು ಅಂದಿನ ಚಾಲಕರ ಬಯಕೆ. ಆದ್ದರಿಂದ ಚಕ್ರವೊಂದು ಸುತ್ತು ತಿರುಗುವಷ್ಟರಲ್ಲಿ ಎಂಜಿನು ನಾಲ್ಕು ಸುತ್ತಿಗೂ ಮಿಕ್ಕಿ ತಿರುಗುವಂತೆ ಹಿಂದಿನ ಅಚ್ಚಿನ ಹಲ್ಲುಗಳ ಲೆಕ್ಕವನ್ನು ಇಡುತ್ತಿದ್ದರು. ಏರು ಹತ್ತಲು ಅದು ಅನುಕೂಲ. ಸಮತಟ್ಟಾದ ದಾರಿಯಲ್ಲಿ ದೂರ ಓಡಲು ಅದೇ ಹೊರೆ.

ಇಂಗ್ಲೆಂಡಿನಲ್ಲಿ ಇದರೊಡನೆ ತೆರಿಗೆಯೂ ಸೇರಿಕೊಂಡಿತು. 1921ರಿಂದ ಅಲ್ಲಿ ಕಾರಿನ ವಾರ್ಷಿಕ ತೆರಿಗೆಯನ್ನು ಎಂಜಿನ್ನಿನ 'ಅಶ್ವಶಕ್ತಿ'ಗೆ ಇಷ್ಟೆಂದು ವಿಧಿಸಿದರು. ಆ ಅಶ್ವಶಕ್ತಿಯನ್ನು ಅಳೆದು ನೋಡಿದವರಿಲ್ಲ. ಸಿಲಿಂಡರುಗಳ ಸಂಖ್ಯೆ ಮತ್ತು ಅವುಗಳ ಬಾಯಿಯ ಅಗಲದಿಂದ ಲೆಕ್ಕ ಹಾಕಿಬಿಡುತ್ತಿದ್ದರು. ಪಿಸ್ಟನ್ನು ಎಷ್ಟು ದೂರ ಏರಿಳಿಯುತ್ತದೆಂಬುದು ಆ ಲೆಕ್ಕದಲ್ಲಿ ಬರಲಿಲ್ಲ. ತಯಾರಕರೇನು ಮಾಡಿದರು? ಬಾಯಿ ಕಿರಿದಾದ, ಆಳ ಹಿರಿದಾದ ಸಿಲಿಂಡರುಗಳನ್ನು ಕೊರೆದರು. ಪ್ರಸಿದ್ಧವಾದ ಆಸ್ಟಿನ್ ಸೆವೆನ್ ಕಾರಿನ ಸಿಲಿಂಡರಿನ ಅಗಲ 56 ಮಿಲಿಮೀಟರು, ಪಿಸ್ಟನ್ನಿನ ಓಟ 76. ದೂರ ಓಡುವ ಪಿಸ್ಟನ್ನು ವೇಗವಾಗಿ ತಿರುಗುವ ಎಂಜಿನ್ನಿನಲ್ಲಿ ಬೇಗ ದಣಿಯುತ್ತದೆ, ಸವೆಯುತ್ತದೆ. ಆ ತೆರಿಗೆ ಪದ್ಧತಿ ರದ್ದಾದದ್ದು ಎರಡನೆಯ ಮಹಾಯುದ್ಧ ಮುಗಿದ ಮೇಲೆ. ಯಂತ್ರದ ಸ್ವಭಾವವನ್ನು ಯಂತ್ರಶಾಸ್ತ್ರಜ್ಞನೊಬ್ಬನೇ ನಿರ್ಧರಿಸುವುದಿಲ್ಲ, ಕಂದಾಯದ ಗುಮಾಸ್ತನೂ ನಿರ್ಧರಿಸುತ್ತಾನೆ ಎಂಬುದಕ್ಕೆ ಇದು ಒಳ್ಳೆಯ ನಿದರ್ಶನ.

ದೂರದೂರದ ನೇರ ರಸ್ತೆಗಳ ನಾಡಾದ ಅಮೆರಿಕದಲ್ಲಿ ಪರಿಹಾರ ಬೇಗ ಬಂತು. 1934ರ ಕ್ರೈಸ್ಲರ್ ಏರ್‌ಫ್ಲೋ ಕಾರಿನಲ್ಲಿ ಬೋರ್ಗ್-ವಾರ್ನರ್ ಸಂಸ್ಥೆಯ ಓವರ್‌ಡ್ರೈವ್ ಕಾಣಿಸಿಕೊಂಡಿತು. ಕಾರು ನಿಗದಿತ ವೇಗವನ್ನು ದಾಟಿದ ಮೇಲೆ ಚಾಲಕನು ವೇಗದ ಪೆಡಲಿನಿಂದ ಪಾದವನ್ನು ಕ್ಷಣಕಾಲ ಎತ್ತಿದರೆ ಸಾಕು, ಅದು ತಾನಾಗಿ ತೊಡಗಿಕೊಳ್ಳುತ್ತಿತ್ತು. ಆದರೆ ಅದಕ್ಕೊಂದು ದೋಷವೂ ಇತ್ತು. ಅದಕ್ಕಿಂತ ಕಡಿಮೆ ವೇಗದಲ್ಲಿ, ಪಾದ ಎತ್ತಿದೊಡನೆ ಚಕ್ರಕ್ಕೂ ಎಂಜಿನ್ನಿಗೂ ಸಂಬಂಧ ತಪ್ಪಿ, ಸೈಕಲಿನ ಹಾಗೆ ಕಾರು ತೇಲಿಹೋಗುತ್ತಿತ್ತು. ಇಳಿಜಾರಿನಲ್ಲಿ ಎಂಜಿನ್ನಿನ ತಡೆ ಇಲ್ಲದೆ ಬ್ರೇಕುಗಳೇ ಭಾರವನ್ನೆಲ್ಲ ಹೊರಬೇಕಾಗುತ್ತಿತ್ತು. ಆದ್ದರಿಂದ ಘಟ್ಟ ಇಳಿಯುವ ಮೊದಲು ಹಿಡಿಯೊಂದನ್ನು ಎಳೆದು ಸಾಧನಕ್ಕೆ ಬೀಗ ಹಾಕುವುದು ಜಾಣರ ರೂಢಿಯಾಯಿತು.

ಇಂಗ್ಲೆಂಡಿನ ಪರಿಹಾರದ ಹಿಂದೆ ಇದ್ದವರು ಕ್ಯಾಪ್ಟನ್ ಎಡ್ಗರ್ ಡಿ ನಾರ್ಮನ್‌ವಿಲ್. ಅವರು ಎಂಜಿನಿಯರರೂ ಹೌದು, ಮೋಟಾರು ವಿಷಯಗಳನ್ನು ಕುರಿತು ಪತ್ರಿಕೆಗಳಿಗೆ ಬರೆಯುತ್ತಿದ್ದ ಲೇಖಕರೂ ಹೌದು. ನಮ್ಮ ಬಳಗದವರೆನ್ನಲು ಅಡ್ಡಿಯಿಲ್ಲ. ಅವರ ಕಲ್ಪನೆಗೆ ಶೆಫೀಲ್ಡ್ ನಗರದ ಲೇಕಾಕ್ ಕಾರ್ಖಾನೆ ಲೋಹದ ರೂಪ ಕೊಟ್ಟಿತು. 1940ರ ದಶಕ ಮುಗಿದು 1950ರ ದಶಕ ತೊಡಗುವ ಸಂಧಿಯಲ್ಲಿ ಆ ಸಾಧನವನ್ನು ಮೊದಲು ಪಡೆದ ಕಾರುಗಳಲ್ಲೊಂದು ಸ್ಟ್ಯಾಂಡರ್ಡ್ ವ್ಯಾನ್‌ಗಾರ್ಡ್! ಈ ಸಂಗತಿ ತಿಳಿದಾಗ ಮಿತ್ರರ ಮುಖ ಅರಳಿತು. ಅವರು ಜೋಡಿಸಬೇಕೆಂದಿದ್ದುದು ಪರಕೀಯ ವಸ್ತುವಲ್ಲ. ಅದೇ ವಂಶದ ಕಾರುಗಳು ತವರಿನಲ್ಲಿ ತೊಟ್ಟಿದ್ದ ಒಡವೆ. ಮುಂದೆ ಟ್ರಯಂಫ್, ಜಾಗ್ವಾರ್, ಆಸ್ಟಿನ್-ಹೀಲಿ, ಎಂ.ಜಿ. ಮೊದಲಾದ ಕಾರುಗಳಿಗೂ, 1960ರ ದಶಕದಲ್ಲಿ ಇಟಲಿಯ ಫೆರಾರಿಯೊಂದಕ್ಕೂ ಅದು ಸಂದಿತು. ಬ್ರಿಟನ್ನಿನಲ್ಲಿ 1958ರಲ್ಲಿ ಪ್ರೆಸ್ಟನ್ ಬೈಪಾಸ್, 1959ರಲ್ಲಿ ಎಂ-1 ಎಂಬ ಮಹಾಮಾರ್ಗ ತೆರೆದ ಮೇಲಂತೂ ಅದರ ಅಗತ್ಯ ಎಲ್ಲರಿಗೂ ಮನವರಿಕೆಯಾಯಿತು.

ಇನ್ನು ಅದರ ಒಳಗಿನ ಏರ್ಪಾಡು. ಅದೊಂದು ಪುಟ್ಟ ಸೌರವ್ಯೂಹ. ನಡುವೆ ಸೂರ್ಯಚಕ್ರ, ಅದರ ಸುತ್ತ ಗ್ರಹಚಕ್ರಗಳು, ಇವೆಲ್ಲವನ್ನೂ ಒಳಗೊಂಡು ಒಳಮೈಗೆ ಹಲ್ಲುಗಳಿರುವ ಒಂದು ಬಳೆ. ಗೇರ್‌ಬಾಕ್ಸಿನಿಂದ ಬಂದ ಶಕ್ತಿ ಗ್ರಹಗಳನ್ನು ಹೊತ್ತ ಚೌಕಟ್ಟನ್ನು ತಿರುಗಿಸುತ್ತದೆ; ಬಳೆಯು ಹಿಂದಿನ ಚಕ್ರಗಳತ್ತ ಶಕ್ತಿಯನ್ನು ಕಳುಹಿಸುತ್ತದೆ. ಸಾಮಾನ್ಯ ಓಟದಲ್ಲಿ ಇವೆಲ್ಲವೂ ಒಂದಾಗಿ, ಒಂದೇ ಗಟ್ಟಿಯಂತೆ ತಿರುಗುತ್ತವೆ. ಚಾಲಕನು ಗುಂಡಿಯೊತ್ತಿದಾಗ ವಿದ್ಯುತ್ತು ಒಂದು ಕವಾಟವನ್ನು ತೆರೆಯುತ್ತದೆ; ಒತ್ತಡಕ್ಕೊಳಗಾದ ಎಣ್ಣೆ ನುಗ್ಗಿ ಶಂಕುವಿನಾಕಾರದ ಕ್ಲಚ್ಚೊಂದನ್ನು ಸರಿಸಿ ಸೂರ್ಯಚಕ್ರವನ್ನು ನಿಲ್ಲಿಸಿಬಿಡುತ್ತದೆ. ಸೂರ್ಯ ನಿಂತಾಗ ಗ್ರಹಗಳು ಅದರ ಮೇಲೆ ಉರುಳಿ ಹೊರಗಿನ ಬಳೆಯನ್ನು ತಮಗಿಂತ ವೇಗವಾಗಿ ಓಡಿಸುತ್ತವೆ. ಕ್ಲಚ್ ಪೆಡಲನ್ನು ತುಳಿಯುವ ಅಗತ್ಯವೂ ಇಲ್ಲ.

ಇದರ ಫಲವನ್ನು ಅಂಕಿಗಳಲ್ಲಿ ನೋಡೋಣ. ಗಂಟೆಗೆ 80 ಕಿಲೋಮೀಟರು ಓಡುವಾಗ ಎಂಜಿನು ನಿಮಿಷಕ್ಕೆ 3000 ಸುತ್ತು ತಿರುಗುತ್ತದೆಂದು ಲೆಕ್ಕದ ಅನುಕೂಲಕ್ಕೆ ಇಟ್ಟುಕೊಳ್ಳೋಣ. 0.78 ಅನುಪಾತದ ಓವರ್‌ಡ್ರೈವ್ ತೊಡಗಿಸಿದರೆ ಅದೇ ವೇಗಕ್ಕೆ 2340 ಸುತ್ತು ಸಾಕು. ಒಂದು ಗಂಟೆಯ ಪಯಣದಲ್ಲಿ 39,600 ಸುತ್ತುಗಳ ಉಳಿತಾಯ! ಎಪ್ಪತ್ತು ವರ್ಷದ ಎಂಜಿನ್ನಿಗೆ ಇದೇನು ಸಣ್ಣ ಉಪಕಾರವೇ?

ಉಪಕಾರ ಪಡೆಯುವ ದಾರಿ ಮಾತ್ರ ಸುಲಭದ್ದಲ್ಲ. ಗೇರ್‌ಬಾಕ್ಸನ್ನು ಕೆಳಗಿಳಿಸಿ ಅದರ ಮುಖ್ಯ ದಂಡವನ್ನೇ ಬದಲಿಸಬೇಕು. ಮೂಲದ್ದಕ್ಕೆ ಓವರ್‌ಡ್ರೈವ್‌ನೊಳಗೆ ತಲುಪುವಷ್ಟು ಉದ್ದವಿಲ್ಲ. ಹಿಂದಿನ ಚಕ್ರಗಳಿಗೆ ಹೋಗುವ ಪ್ರೊಪೆಲರ್ ಶಾಫ್ಟ್ ಅಷ್ಟೇ ಪ್ರಮಾಣದಲ್ಲಿ ಗಿಡ್ಡವಾಗಬೇಕು, ಗಿಡ್ಡವಾದ ಮೇಲೆ ತೂಕದ ಸಮತೋಲ ತಪ್ಪಬಾರದು. ವೇಗಮಾಪಕ ಸುಳ್ಳು ಹೇಳದಂತೆ ತಿದ್ದಬೇಕು. ಸಾಧನಕ್ಕೂ ಗೇರ್‌ಬಾಕ್ಸಿಗೂ ಎಣ್ಣೆ ಒಂದೇ. ಘರ್ಷಣೆ ತಗ್ಗಿಸುವ ವಿಶೇಷ ದ್ರವ್ಯಗಳು ಬೆರೆತ ಎಣ್ಣೆ ಹಾಕಿದರೆ ಶಂಕುಕ್ಲಚ್ಚಿನ ಹಿಡಿತವೇ ಜಾರುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ಮೇಲಿನ ಗೇರಿನಲ್ಲಿದ್ದಾಗ ಮಾತ್ರ ವಿದ್ಯುತ್ತು ಹರಿಯುವಂತೆ ಗೇರ್‌ಬಾಕ್ಸಿನಲ್ಲಿ ಕಾವಲಿನ ಸ್ವಿಚ್ಚೊಂದು ಇರಲೇಬೇಕು.

ಮಿತ್ರರು ಮೊದಲು ನಂಬಿದ ಕಾರ್ಯಾಗಾರದವರು ಈ ಕಾವಲನ್ನು ಅನಾವಶ್ಯಕವೆಂದು ಬಿಟ್ಟಿದ್ದರು. ಸಾಲದುದಕ್ಕೆ, ಮೂಲದ ಪ್ರೊಪೆಲರ್ ಶಾಫ್ಟನ್ನೇ ಕತ್ತರಿಸಿ ಬೆಸೆಯೋಣವೆಂದೂ ಸಲಹೆ ಕೊಟ್ಟಿದ್ದರು. ಅದನ್ನು ಮಾತ್ರ ಮಿತ್ರರು ಒಪ್ಪದೆ ಬೇರೆ ಶಾಫ್ಟ್ ಮಾಡಿಸಿದ್ದರು. ಒಂದು ಸಂಜೆ ಮನೆಗೆ ಬಂದವರು ಗುಂಡಿಯನ್ನು ಬಿಡಿಸಲು ಮರೆತು ಕೊಟ್ಟಿಗೆಗೆ ಹಿಮ್ಮೊಗವಾಗಿ ಕಾರನ್ನು ತಂದರು. ಒಳಗೆ ಲೋಹ ಮುರಿದ ಸದ್ದು ನನಗೂ ಕೇಳಿಸಿತು. ಸಾಧನದೊಳಗೆ ಒಂದೇ ದಿಕ್ಕಿಗೆ ಬಿಟ್ಟುಕೊಡುವ ಉರುಳೆಗಳ ಕ್ಲಚ್ಚೊಂದು ಇದೆ. ಓವರ್‌ಡ್ರೈವ್ ಹಿಡಿದಿರುವಾಗಲೇ ಹಿಂದಕ್ಕೆ ನಡೆಸಿದರೆ ಹಲ್ಲುಗಳು ಬಳೆಯನ್ನು ಬೇಗ ತಿರುಗಿಸಲು ನೋಡುತ್ತವೆ, ಉರುಳೆಗಳು ಅದನ್ನು ಬಿಗಿದು ಹಿಡಿಯುತ್ತವೆ. ಎರಡರಲ್ಲೊಂದು ಮುರಿಯಲೇಬೇಕು. ಆ ರಾತ್ರಿ ಮಿತ್ರರು ಊಟ ಮಾಡಲಿಲ್ಲ. ತಂದೆ ಐವತ್ತು ವರ್ಷ ಜೋಪಾನ ಮಾಡಿದ್ದನ್ನು ತಾನು ಒಂದು ಸಂಜೆಯಲ್ಲಿ ಕೆಡಿಸಿದೆನೆಂಬ ಸಂಕಟ ಅವರದು.

ಆಗ ನನಗೆ ನನ್ನ ತರಗತಿಯ ನೆನಪಾಯಿತು. ಗ್ರಂಥಸಂಪಾದನೆಯ ಪಾಠದಲ್ಲಿ ವಿದ್ಯಾರ್ಥಿಗಳಿಗೆ ನಾನು ಮೊದಲು ಹೇಳುತ್ತಿದ್ದುದು ಒಂದೇ ಮಾತು: ತಾಳೆಗರಿಯ ಮೇಲೆ ಕೈಮಾಡಬೇಡಿ. ಲಿಪಿಕಾರನು ತಪ್ಪಿರಬಹುದು, ಅಕ್ಷರ ಸವೆದಿರಬಹುದು, ಇಂದಿನ ಓದುಗನಿಗೆ ಪಾಠ ತೊಡಕಾಗಿರಬಹುದು. ನೀವು ಊಹಿಸಿದ ಪಾಠವನ್ನು ಕಂಸದಲ್ಲಿಡಿ, ಅಡಿಟಿಪ್ಪಣಿಯಲ್ಲಿ ವಿವರಿಸಿ. ನಾಳೆ ನಿಮಗಿಂತ ಬಲ್ಲವನೊಬ್ಬ ಬಂದು ನಿಮ್ಮ ಊಹೆಯನ್ನು ಬದಿಗಿಟ್ಟರೆ ಮೂಲ ಅವನಿಗೆ ಇದ್ದಂತೆಯೇ ಸಿಗಬೇಕು. ಹಾಗೆಂದು ಟಿಪ್ಪಣಿಯೇ ಬೇಡವೆಂದರೆ ಕಾವ್ಯ ಕಪಾಟಿನಲ್ಲಿ ಉಳಿದೀತು, ಓದುಗರಲ್ಲಿ ಉಳಿಯದು. ಮಿತ್ರರಿಗೂ ಇದನ್ನೇ ಹೇಳಿದೆ. ಮುರಿದದ್ದು ಟಿಪ್ಪಣಿ, ಮೂಲವಲ್ಲ. ಶಾಫ್ಟನ್ನು ಕತ್ತರಿಸಗೊಡದ ದಿನವೇ ನೀವು ಮೂಲವನ್ನು ಉಳಿಸಿಕೊಂಡಿದ್ದೀರಿ ಎಂದೆ.

ಅವರು ಬೇರೊಬ್ಬ ಹಿರಿಯ ಮೆಕ್ಯಾನಿಕ್ಕರನ್ನು ಹುಡುಕಿದರು. ಉರುಳೆಗಳ ಕ್ಲಚ್ಚು ಇಂಗ್ಲೆಂಡಿನಿಂದ ಬಂತು. ಕಾವಲಿನ ಸ್ವಿಚ್ಚು ತನ್ನ ಸ್ಥಾನದಲ್ಲಿ ಕುಳಿತಿತು. ಕಳೆದ ವರ್ಷ ನಾವಿಬ್ಬರೂ ಮೈಸೂರಿಗೆ ಹೋದೆವು. ಬಿಡದಿ ದಾಟಿದ ಮೇಲೆ ಮಿತ್ರರು ಗುಂಡಿಯೊತ್ತಿದರು. ವೇಗ ತಗ್ಗಲಿಲ್ಲ, ಎಂಜಿನ್ನಿನ ದನಿ ಮಾತ್ರ ಒಂದು ಸ್ವರ ಕೆಳಗಿಳಿಯಿತು. ಅಷ್ಟು ಹೊತ್ತೂ ಕೂಗಿ ಆಡುತ್ತಿದ್ದ ಮಾತನ್ನು ಮೆಲುದನಿಯಲ್ಲಿ ಮುಂದುವರಿಸಿದೆವು. ಏರು ಬಂದಾಗ ಪಾದವನ್ನು ಪೂರ್ತಿ ಎತ್ತದೆ ಗುಂಡಿ ಬಿಡಿಸುತ್ತಿದ್ದರು. ಕಾರು ತಂದೆಯ ಕಾಲದ ಕಾರಾಗಿ ಏರು ಹತ್ತುತ್ತಿತ್ತು.

1970ರ, 80ರ ದಶಕಗಳಲ್ಲಿ ಐದು ಗೇರುಗಳ ಪೆಟ್ಟಿಗೆಗಳು ಸಾಮಾನ್ಯವಾದಂತೆ ಈ ಪ್ರತ್ಯೇಕ ಸಾಧನದ ಯುಗ ಮುಗಿಯಿತು. ಇಂದಿನ ಕಾರುಗಳ ಮೇಲಿನ ಗೇರುಗಳು ಅದೇ ಕೆಲಸವನ್ನು ಹೆಸರಿಲ್ಲದೆ ಮಾಡುತ್ತಿವೆ. ಮಿತ್ರರ ಅಟ್ಟದ ಮೇಲೆ ಎಣ್ಣೆಬಟ್ಟೆಯಲ್ಲಿ ಸುತ್ತಿದ ಒಂದು ಕಟ್ಟಿದೆ. ಅದರಲ್ಲಿ ಕಾರಿನ ಮೂಲ ದಂಡ, ಮೂಲ ಪ್ರೊಪೆಲರ್ ಶಾಫ್ಟ್, ಒಂದೊಂದು ತಿರುಪೂ ಇವೆ. ಯಾವುದು ಎಲ್ಲಿಯದು, ಹೇಗೆ ಮರಳಿ ಜೋಡಿಸಬೇಕು ಎಂಬುದನ್ನು ಅವರು ಕೈಬರಹದಲ್ಲಿ ನಾಲ್ಕು ಪುಟ ಬರೆದು ಜೊತೆಗಿಟ್ಟಿದ್ದಾರೆ. ಕಾಗುಣಿತ ತಿದ್ದಿಕೊಡೆಂದು ನನ್ನಲ್ಲಿಗೆ ಕಳುಹಿಸಿದ್ದರು. ತಿದ್ದುಗಳನ್ನೆಲ್ಲ ಅಂಚಿನಲ್ಲಿ ಪೆನ್ಸಿಲಿನಿಂದ ಬರೆದು ಹಿಂದಕ್ಕೆ ಕೊಟ್ಟೆ.