ವಿಪಥನ
ಲ್ಯಾಟಿನ್ನಿನ ‘ಅಬೆರ್ರಾರೆ’ ಎಂದರೆ ದಾರಿ ತಪ್ಪಿ ಅಲೆಯುವುದು. ಅದರಿಂದ ಬಂದ ‘ಅಬೆರೇಶನ್’ ಪದಕ್ಕೆ ಕನ್ನಡದ ಭೌತವಿಜ್ಞಾನದಲ್ಲಿ ಬಳಕೆಯಾಗುವ ಸಂಸ್ಕೃತಮೂಲದ ಹೆಸರು ವಿಪಥನ. ಮಸೂರದ ಅಂಚಿನಿಂದ ಬಂದ ಕಿರಣಗಳು ನಡುವಿನವುಗಳ ಜೊತೆ ಒಂದೇ ಬಿಂದುವಿನಲ್ಲಿ ಕೂಡದಿದ್ದರೆ ಅದು ಗೋಳೀಯ ವಿಪಥನ.

ಆದರೆ ಬೆಳಕು ಅಲೆಯೂ ಹೌದು. ದೋಷವೇ ಇಲ್ಲದ ಮಸೂರವೂ ನಕ್ಷತ್ರವನ್ನು ಬಿಂದುವಾಗಿ ತೋರಿಸದು. ಅಲೆಗಳು ಅಂಚಿನಲ್ಲಿ ಬಾಗಿ ಹರಡುವ ವಿವರ್ತನೆಯಿಂದಾಗಿ ಮಸುಕು ಉಂಗುರಗಳ ನಡುವೆ ಪುಟ್ಟ ಬಿಲ್ಲೆಯೊಂದು ಮೂಡುತ್ತದೆ. 1835ರಲ್ಲಿ ಖಗೋಳವಿಜ್ಞಾನಿ ಜಾರ್ಜ್ ಏರಿ ಲೆಕ್ಕ ಹಾಕಿ ತೋರಿಸಿದ ಈ ಬಿಲ್ಲೆಯೊಳಗೆ ಬೆಳಕಿನ ಶೇಕಡಾ 84ರಷ್ಟು ಸೇರಿರುತ್ತದೆ. ಗೋಳೀಯ ವಿಪಥನದಿಂದ ಅಲೆಯ ಮುಂಭಾಗ ಕಾಲು ತರಂಗಾಂತರದಷ್ಟು ಕೆಟ್ಟರೂ ನಡುವಿನ ಹೊಳಪು ಸುಮಾರು ಐದರಲ್ಲೊಂದು ಪಾಲು ಕುಗ್ಗುತ್ತದೆ. ಆ ಬೆಳಕು ಉಂಗುರಗಳಿಗೆ ಸೋರುತ್ತದೆ. ಬಿಲ್ಲೆಯ ಅಗಲ ಮಾತ್ರ ಹೆಚ್ಚೇನೂ ಬದಲಾಗದು! ಕಿರಣಗಳನ್ನಷ್ಟೇ ಎಳೆದು ನೋಡುವವರಿಗೆ ಈ ಸೊಗಸು ಕಾಣುವುದೇ ಇಲ್ಲ. ವಿಪಥನ ಬೆರೆತ ವಿವರ್ತನೆಯ ಗಣಿತವನ್ನು ಭೌತವಿಜ್ಞಾನಿ ಝೆರ್ನಿಕೆಯವರ ಶಿಷ್ಯ ನೈಬೂರ್ 1942ರ ತಮ್ಮ ಪ್ರಬಂಧದಲ್ಲಿ ಬಿಡಿಸಿಟ್ಟರು.

ಇನ್ನೊಂದು ವಿಪಥನ ‘ಕೋಮಾ’. ಅದರ ಮೂಲವಾದ ಗ್ರೀಕ್‌ನ ‘ಕೋಮೆ’ಗೆ ಕೂದಲು ಎಂದರ್ಥ; ‘ಕಾಮೆಟ್’ ಕೂಡ ಅದೇ ಬೇರಿನದು. ಇಲ್ಲಿ ಉಂಗುರಗಳು ಒಂದೇ ಮಗ್ಗುಲಿಗೆ ವಾಲಿ, ನಕ್ಷತ್ರಕ್ಕೆ ಧೂಮಕೇತುವಿನ ಬಾಲ ಬರುತ್ತದೆ.

ಕನ್ನಡಿಗೂ ವಿಪಥನ ತಪ್ಪಿದ್ದಲ್ಲ: ಹಬಲ್ ದೂರದರ್ಶಕದ ಕನ್ನಡಿಯ ಅಂಚು ಬೇಕಾದುದಕ್ಕಿಂತ 2.2 ಮೈಕ್ರಾನ್ ಚಪ್ಪಟೆಯಾಗಿ, 1990ರ ಅದರ ಚಿತ್ರಗಳು ಮಸುಕಾಗಿದ್ದುದು ಗೋಳೀಯ ವಿಪಥನದಿಂದಲೇ.